ನರಿ ಒಣದ್ರಾಕ್ಷಿಗೆ ಯಾಕೆ ಕಾಯಲಿಲ್ಲ? ಮಕ್ಕಳೊಂದಿಗೆ ಪ್ರಾಣಿಗಳ ನಗೆಕಥೆ ಓದುವ ಬಗ್ಗೆ ಒಂದು ಪ್ರಶ್ನೆ

ತಿಕೋಟಾ ಕಡೆಯ ತಂದೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ಒಂದು ಹಳ್ಳಿ. ಎಂಟು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ರಾತ್ರಿ ಊಟವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ತಾಸು ಪ್ರಾಣಿಗಳ ನಗೆಕಥೆ ಓದುವ ರೂಢಿಯನ್ನು ದೀಪಾವಳಿಯಿಂದ ಈಚೆಗೆ ಇಟ್ಟುಕೊಂಡಿದ್ದೇನೆ. ಓದುವುದು ಕಷ್ಟವಲ್ಲ, ನಗಿಸುವುದು ಕಷ್ಟವಾಗಿದೆ. ಕಥೆ ಮುಗಿಯುತ್ತಿದ್ದಂತೆ ಮಗಳು ಮುಖ ಗಂಟು ಹಾಕಿಕೊಂಡು, "ಅಪ್ಪಾ, ಇದರ ನೀತಿ ಏನು?" ಎಂದು ಕೇಳುತ್ತಾಳೆ. ಆ ಧ್ವನಿಯಲ್ಲಿ ಕುತೂಹಲಕ್ಕಿಂತ ಪರೀಕ್ಷೆಗೆ ಉತ್ತರ ಬರೆದುಕೊಳ್ಳುವ ಅವಸರವೇ ಹೆಚ್ಚು. ಮಗನಿಗೆ ನೀತಿಯ ಗೊಡವೆಯೇ ಇಲ್ಲ. ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆಯೊಂದಿದ್ದರೆ ಅವನಿಗೆ ಸಾಕು. ಅದನ್ನೇ ಹದಿನೈದು ದಿನ ಎಡೆಬಿಡದೆ ಹೇಳಿಸಿಕೊಂಡಿದ್ದಾನೆ, ಅದೇ ಜಾಗ ಬಂದಾಗ ಮೊದಲ ದಿನದಷ್ಟೇ ಜೋರಾಗಿ ನಗುತ್ತಾನೆ, ಅವನು ನಕ್ಕಷ್ಟೂ ಅಕ್ಕನಿಗೆ ಬೇಸರ ಏರುತ್ತದೆ.

ಭಾಷೆಯದೂ ಒಂದು ತೊಡಕಿದೆ. ಪುಸ್ತಕದಲ್ಲಿ ಇದ್ದಂತೆ "ವಾನರವು ಮೊಸರನ್ನೆಲ್ಲ ಭಕ್ಷಿಸಿತು" ಎಂದು ಓದಿದರೆ ಇಬ್ಬರೂ ಗೋಡೆ ನೋಡುತ್ತಾರೆ. ಒಂದು ದಿನ ಬೇಸತ್ತು, "ಮಂಗ್ಯಾ ಗಡಿಗಿಗೇ ಬಾಯಿ ಹಾಕ್ತು" ಎಂದೆ. ಮಗಳು ಕೂಡ ಕಿಸಕ್ಕೆಂದಳು. ಹಾಗೆಂದು ದಿನವೂ ಆಡುಮಾತಿನಲ್ಲಿಯೇ ಹೇಳಿದರೆ ಬರಹದ ಕನ್ನಡ ಅವರಿಗೆ ಯಾವಾಗ ಒಗ್ಗಬೇಕು ಎಂಬ ಅಳುಕು ನನಗಿದೆ. ಇದರ ಮೇಲೆ ಕಳೆದ ವಾರ ಮಗ ತನ್ನ ಚಿಕ್ಕಪ್ಪನ ಮಗನನ್ನು "ಕತ್ತಿ" ಎಂದು ಕರೆದು ಅಳಿಸಿದ್ದಾನೆ. ಕಥೆಯಲ್ಲಿ ಕತ್ತೆ ದಡ್ಡ ಎಂದು ನಾನೇ ಓದಿದ್ದೆ, ಆದ್ದರಿಂದ ಗದರಿಸಲು ನನಗೆ ಬಾಯಿ ಇರಲಿಲ್ಲ.

ಇಷ್ಟು ತಿಂಗಳಲ್ಲಿ ಇಬ್ಬರೂ ಒಟ್ಟಿಗೆ ಬಿದ್ದು ಬಿದ್ದು ನಕ್ಕದ್ದು ಒಂದೇ ಸಲ. ಎಟುಕದ ದ್ರಾಕ್ಷಿಯನ್ನು ಹುಳಿ ಎಂದು ಹೇಳಿ ಹೋದ ನರಿಯ ಕಥೆಯನ್ನು ಫೆಬ್ರುವರಿಯಲ್ಲಿ ಓದುತ್ತಿದ್ದೆ. ಆಗ ನಮ್ಮ ಕಡೆ ತೋಟಗಳಲ್ಲಿ ಕೊಯ್ಲು ನಡೆದು, ಶೆಡ್ಡುಗಳಲ್ಲಿ ಬಲೆಯ ಮೇಲೆ ಬಲೆ ಹರವಿ ದ್ರಾಕ್ಷಿ ಒಣಗಿಸುವ ಕಾಲ. ಮಗಳು ಇದ್ದಕ್ಕಿದ್ದಂತೆ, "ಚಪ್ಪರ ಎತ್ತರ ಇದ್ದರ ಏನಾತು, ನರಿ ಇನ್ನೊಂದ ಹದಿನೈದ ದಿನ ತಡದು ಶೆಡ್ಡಿಗೆ ಹೋಗಿದ್ದರ ಒಣದ್ರಾಕ್ಷಿ ಕುಂತಲ್ಲೇ ಸಿಗ್ತಿತ್ತಲ್ಲ?" ಎಂದಳು. ನಮ್ಮ ಥಾಮ್ಸನ್ ದ್ರಾಕ್ಷಿ ಹಣ್ಣಾದ ಮೇಲೂ ಹಸಿರಾಗಿಯೇ ಕಾಣುವುದರಿಂದ ನರಿ ಮೋಸ ಹೋಗಿರಬೇಕು ಎಂದು ನಾನು ನರಿಯ ಪರವಾಗಿ ವಾದಿಸಿದೆ. ಆ ರಾತ್ರಿ ನೀತಿಯನ್ನು ಯಾರೂ ಕೇಳಲಿಲ್ಲ. ಅದು ಹೇಗೆ ಆಯಿತು, ಮತ್ತೆ ಆಗುವಂತೆ ಏನು ಮಾಡಬೇಕು ಎಂಬುದೇ ನನ್ನ ಪ್ರಶ್ನೆ. ಅನುಭವ ಇದ್ದವರು ದಯವಿಟ್ಟು ತಿಳಿಸಬೇಕು.

ಬಾಗಲಕೋಟೆಯ ನಿವೃತ್ತ ಶಿಕ್ಷಕ:

ನಿಮ್ಮ ಪ್ರಶ್ನೆ ಓದಿ ನನಗೆ ನನ್ನ ತಪ್ಪುಗಳೇ ನೆನಪಾದವು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಾಥಮಿಕ ಶಾಲೆಯಲ್ಲಿದ್ದು, ಅದರಲ್ಲಿ ಮೊದಲ ಹತ್ತು ವರ್ಷ ಪ್ರತಿ ಕಥೆಯ ಕೊನೆಗೂ ಹಲಗೆಯ ಮೇಲೆ 'ನೀತಿ' ಎಂದು ಬರೆದು ಅಡಿಗೆರೆ ಎಳೆಯುತ್ತಿದ್ದವನು ನಾನು. ನಿಮ್ಮ ಮಗಳಿಗೆ ಆ ಅಭ್ಯಾಸ ಹಿಡಿಸಿದ್ದು ನನ್ನಂಥವರೇ. ಅವಳ ತಪ್ಪು ಏನೂ ಇಲ್ಲ. ನಗೆಕಥೆಯ ಕೊನೆಗೆ ಪ್ರಶ್ನೆ ಕಾದಿದೆ ಎಂದು ಗೊತ್ತಿರುವ ಮಗು ಕಥೆ ಕೇಳುವಾಗಲೇ ಉತ್ತರ ಹುಡುಕುತ್ತಿರುತ್ತದೆ, ಹುಡುಕುವ ಮಗುವಿಗೆ ನಗಲು ಬಿಡುವು ಎಲ್ಲಿಂದ ಬರಬೇಕು?

ನೀತಿ ಎಂಬ ಮಾತಿನ ಬಗ್ಗೆಯೇ ಒಂದು ವಿಷಯ ಹೇಳಬೇಕು. ಪಂಚತಂತ್ರದ ಚೌಕಟ್ಟಿನ ಕಥೆಯಲ್ಲಿ ವಿಷ್ಣುಶರ್ಮನು ಓದು ಹತ್ತದ ಮೂವರು ರಾಜಕುಮಾರರನ್ನು ಆರು ತಿಂಗಳಲ್ಲಿ ಜಾಣರನ್ನಾಗಿ ಮಾಡುತ್ತೇನೆಂದು ಮಾತು ಕೊಡುತ್ತಾನೆ. ಅಲ್ಲಿ ನೀತಿ ಎಂದರೆ ರಾಜನೀತಿ: ಮಿತ್ರರನ್ನು ಒಡೆಯುವುದು ಹೇಗೆ, ಶತ್ರುವನ್ನು ನಂಬಬಾರದು ಏಕೆ ಎಂಬ ವಿಚಾರ. ಅದನ್ನು ಕನ್ನಡದಲ್ಲಿ ಚಂಪುವಾಗಿ ಬರೆದ ದುರ್ಗಸಿಂಹನು 11ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದವನು, ಅಂದರೆ ಯುದ್ಧವನ್ನೂ ಸಂಧಿಯನ್ನೂ ನೋಡಿಕೊಳ್ಳುವ ಮಂತ್ರಿ. ಅಂಥವನ ಕೈಯಲ್ಲಿ ಕರಟಕ, ದಮನಕ ಎಂಬ ಎರಡು ನರಿಗಳು ದರಬಾರಿನ ಒಳಗುಟ್ಟು ಆಡುವುದು ಸಹಜ. ಅದನ್ನು ಕತ್ತರಿಸಿ, ತೊಳೆದು, "ಸುಳ್ಳು ಹೇಳಬಾರದು" ಎಂಬ ಒಂದು ಸಾಲಿಗೆ ಇಳಿಸಿ ಎಂಟು ವರ್ಷದ ಮಗುವಿನ ಮುಂದೆ ಇಟ್ಟವರು ನಾವು.

ಈಗ ನಿಮ್ಮ ಮಗನಿಗೆ ಪ್ರಿಯವಾದ ಮೊಸರಿನ ಕಥೆಗೆ ಬರೋಣ. (ನಮ್ಮ ಕಡೆ ಅದು ಆಡು, ಮೇಕೆ ಎಂದರೆ ನನ್ನ ಶಾಲೆಯ ಮಕ್ಕಳು "ಅದು ಯಾವ ಪ್ರಾಣಿರೀ?" ಎಂದು ಕೇಳುತ್ತಿದ್ದರು.) ಆ ಕಥೆಯಲ್ಲಿ ನಗು ಎಲ್ಲಿದೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮಂಗ ಕದ್ದು ತಿನ್ನುವುದರಲ್ಲಿ ಅಷ್ಟೇನೂ ಇಲ್ಲ, ಮಂಗ ಕದಿಯುವುದನ್ನು ಮಕ್ಕಳು ದಿನಾ ಮಾಳಿಗೆಯ ಮೇಲೆ ನೋಡುತ್ತಾರೆ. ಗಡ್ಡದ ತುಂಬ ಮೊಸರು ಅಂಟಿಸಿಕೊಂಡು, ಏನಾಗಿದೆ ಎಂಬುದೇ ತಿಳಿಯದೆ, ಬಾಯಿ ಆಡಿಸುತ್ತ ನಿಂತ ಆಡಿನ ಮುಖದಲ್ಲಿ ನಗು ಇದೆ. ಆ ಕ್ಷಣದಲ್ಲಿ ನಿಜ ಏನೆಂದು ಮಂಗನಿಗೂ ಮಗುವಿಗೂ ಮಾತ್ರ ಗೊತ್ತು. ಬಡಿಗೆ ಹಿಡಿದು ಬಂದ ಮನೆಯ ಯಜಮಾನನಿಗೂ ಗೊತ್ತಿಲ್ಲ. ದಿನವಿಡೀ ಎಲ್ಲರಿಂದಲೂ "ನಿನಗೆ ತಿಳಿಯುವುದಿಲ್ಲ, ಸುಮ್ಮನಿರು" ಎಂದು ಕೇಳಿಸಿಕೊಳ್ಳುವ ನಾಲ್ಕು ವರ್ಷದವನಿಗೆ ದೊಡ್ಡವರಿಗಿಂತ ಹೆಚ್ಚು ತಿಳಿದಿರುವ ಸುಖ ಅಲ್ಲಿ ಸಿಗುತ್ತದೆ. ಆದ್ದರಿಂದ ಅವನು ಹದಿನೈದು ದಿನವಲ್ಲ, ಎರಡು ತಿಂಗಳು ಕೇಳಿದರೂ ಹೇಳಿ.

ಹೇಳುವಾಗ ಒಂದು ಉಪಾಯ ಮಾಡಿ. ಯಜಮಾನ ಬಾಗಿಲು ತೆರೆದಾಗ ಕಥೆಯನ್ನು ನಿಲ್ಲಿಸಿಬಿಡಿ. ಬಡಿಗೆಯ ಏಟಿನ ತನಕ ಹೋಗಬೇಡಿ. ಮುಂದೇನು ಎಂದು ನೀವು ಕೇಳಲೂ ಬೇಡಿ. ನನ್ನ ತರಗತಿಯಲ್ಲಿ ಹೀಗೆ ನಿಲ್ಲಿಸಿದ ದಿನ ಒಬ್ಬ ಹುಡುಗ, "ಆಡಿನ ನಾಲಗಿ ಮೂಸಿ ನೋಡ್ರಿ ಸರ, ಒಳಗ ಮೊಸರಿನ ವಾಸನಿ ಇಲ್ಲ" ಎಂದು ಯಜಮಾನನಿಗೆ ಬುದ್ಧಿ ಹೇಳಿದ. ನೀತಿಯ ಪಾಠದಲ್ಲಿ ಹತ್ತು ವರ್ಷ ನನಗೆ ಸಿಗದಿದ್ದ ನ್ಯಾಯಾಧೀಶ ಆ ದಿನ ಮೂರನೆಯ ಬೆಂಚಿನಲ್ಲಿ ಸಿಕ್ಕ.

ಸಾಧ್ಯವಾದರೆ ಮಕ್ಕಳನ್ನು ಪಟ್ಟದಕಲ್ಲಿಗೆ ಕರೆದುಕೊಂಡು ಬನ್ನಿ. ಮಲಪ್ರಭೆಯ ದಂಡೆಯ ಆ ಗುಡಿಗಳು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕಂಚಿಯ ಪಲ್ಲವರ ಮೇಲೆ ಎರಡನೆಯ ವಿಕ್ರಮಾದಿತ್ಯ ಗೆದ್ದ ನೆನಪಿಗೆ ಅವನ ರಾಣಿಯರಾದ ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿಯರು ಕಟ್ಟಿಸಿದ ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳು 8ನೆಯ ಶತಮಾನದವು. ರಾಮಾಯಣ, ಭಾರತದ ಪ್ರಸಂಗಗಳ ನಡುವೆ ಪಂಚತಂತ್ರದ ಪ್ರಾಣಿಗಳೂ ಅಲ್ಲಿನ ಕಲ್ಲಿನಲ್ಲಿ ಇವೆ. ಮಾರ್ಗದರ್ಶಿಗಳು ಸಾಮಾನ್ಯವಾಗಿ ಅಲ್ಲಿ ನಿಲ್ಲದೆ ಮುಂದೆ ನಡೆಯುತ್ತಾರೆ, ನೀವು ನಿಲ್ಲಿ. ಆ ಶಿಲ್ಪಗಳ ಕೆಳಗೆ ನೀತಿ ಬರೆದಿಲ್ಲ. ಯಾವ ಪ್ರಾಣಿ ಏನು ಮಾಡುತ್ತಿದೆ ಎಂದು ಮಕ್ಕಳೇ ಹೇಳಲಿ. ತಪ್ಪು ಹೇಳಿದರೂ ತಿದ್ದಬೇಡಿ, ತಪ್ಪು ಕಥೆಗಳೇ ಹಲವು ಸಲ ಹೆಚ್ಚು ಸೊಗಸಾಗಿರುತ್ತವೆ.

ಶಹಾಪುರದ ಸೊಸೆ, ಬೆಳಗಾವಿ:

ಗುರುಗಳ ಮಾತಿಗೆ ನನ್ನದೊಂದು ಸೇರಿಕೆ. ನನ್ನ ತವರು ಬೈಲಹೊಂಗಲದ ಕಡೆ, ಗಂಡನ ಮನೆಯ ಮಾತು ಮರಾಠಿ. ಗುಬ್ಬಿ ಮತ್ತು ಕಾಗೆಯ ಕಥೆಯನ್ನು ನಾನೂ ಅತ್ತೆಯವರೂ ಒಂದೇ ಮಗುವಿಗೆ ಎರಡು ಭಾಷೆಯಲ್ಲಿ ಹೇಳಿ ಬೆಳೆಸಿದ್ದೇವೆ. ಎರಡರಲ್ಲೂ ಕಾಗೆಯ ಮನೆ ಸಗಣಿಯದು. ನನ್ನ ಕಥೆಯಲ್ಲಿ ಗುಬ್ಬಿಯ ಮನೆ ಕಲ್ಲಿನದಾದರೆ ಅತ್ತೆಯವರ ಕಥೆಯಲ್ಲಿ ಅದು ಮೇಣದ್ದು. ಮಳೆ ಬಂದು ಕಾಗೆಯ ಮನೆ ಕೊಚ್ಚಿಹೋಗುತ್ತದೆ, ಕಾಗೆ ಬಂದು ಗುಬ್ಬಿಯ ಬಾಗಿಲು ಬಡಿಯುತ್ತದೆ. ಗುಬ್ಬಿ ಒಳಗಿನಿಂದ, ತಡಿ, ಮಗುವಿಗೆ ಎರೆಯುತ್ತಿದ್ದೇನೆ. ತಡಿ, ಮೈ ಒರೆಸುತ್ತಿದ್ದೇನೆ. ತಡಿ, ಕಾಡಿಗೆ ಹಚ್ಚುತ್ತಿದ್ದೇನೆ ಎಂದು ಬೆಳೆಸುತ್ತಲೇ ಹೋಗುತ್ತದೆ. ಮಗಳಿಗೆ ಕಥೆಯ ಕೊನೆ ಬೇಕಾಗಿಯೇ ಇರಲಿಲ್ಲ. ಕಾಗೆ ಹೊರಗೆ ನೆನೆಯುತ್ತಿರುವಾಗ ಒಳಗೆ ಇನ್ನೆಷ್ಟು ಕೆಲಸ ಸೇರಿಸಬಹುದು ಎಂಬುದೇ ಅವಳ ಆಟ. ಒಂದು ರಾತ್ರಿ ಗುಬ್ಬಿ ಮಗುವಿನ ಆಧಾರ್ ಕಾರ್ಡಿಗೆ ಫೋಟೋ ತೆಗೆಸುವ ತನಕ ಹೋಯಿತು. ಮೇಣದ ಮನೆಯೋ ಕಲ್ಲಿನ ಮನೆಯೋ ಎಂಬ ಜಗಳ ಬಂದಾಗ ಅವಳೇ, ಅಮ್ಮನ ಗುಬ್ಬಿ ಬೇರೆ, ಅಜ್ಜಿಯ ಗುಬ್ಬಿ ಬೇರೆ, ಎರಡೂ ಒಂದೇ ಓಣಿಯಲ್ಲಿ ಇರುತ್ತವೆ ಎಂದು ತೀರ್ಪು ಕೊಟ್ಟಳು.

ಮಕ್ಕಳ ಬೆಳವಣಿಗೆಯ ವಿಷಯ ಓದಿದವಳಾದ್ದರಿಂದ ಇದನ್ನೂ ಹೇಳುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಮೆಕ್‌ಘೀ ಅವರು 1970ರ ದಶಕದಲ್ಲಿ ಮಕ್ಕಳ ನಗು ಹಂತ ಹಂತವಾಗಿ ಬದಲಾಗುವುದನ್ನು ವಿವರಿಸಿದ್ದರು. ಎರಡು ವರ್ಷದ ಸುಮಾರಿಗೆ ನಾಯಿಯನ್ನು ಬೇಕೆಂದೇ ಬೆಕ್ಕು ಎಂದು ಕರೆಯುವುದರಲ್ಲಿ ಮಗುವಿಗೆ ನಗು. ಮೂರು ದಾಟಿದ ಮೇಲೆ ಹಸು ಚಪ್ಪಲಿ ಮೆಟ್ಟಿಕೊಂಡಿತು ಎಂಬಂಥ ಹೊಂದದ ಚಿತ್ರದಲ್ಲಿ ನಗು. ಆರೇಳು ವರ್ಷವಾದಾಗ ಒಂದು ಮಾತಿಗೆ ಎರಡು ಅರ್ಥ ಇರುವುದು ಹೊಳೆದು, ಒಗಟು ಮತ್ತು ಶ್ಲೇಷೆಗಳ ಹುಚ್ಚು ಹತ್ತುತ್ತದೆ. ನಿಮ್ಮ ಮಗ ಎರಡನೆಯದರಲ್ಲಿದ್ದಾನೆ, ಮಗಳು ಕೊನೆಯದರಲ್ಲಿದ್ದಾಳೆ. ಒಂದೇ ಕಥೆಗೆ ಇಬ್ಬರೂ ಒಂದೇ ಜಾಗದಲ್ಲಿ ನಗಬೇಕೆಂದು ನೀವು ಬಯಸಿದರೆ ಅದು ಆಗದ ಮಾತು. ಮಗಳಿಗೆ ಮಾತಿನ ಪ್ರಾಣಿಗಳನ್ನು ಕೊಡಿ. "ಕಾಗೆ ಹಾರಿಸಬೇಡ" ಎಂದು ನಾನು ಗದರಿದಾಗ ನನ್ನ ಮಗಳು ಖಾಲಿ ಅಂಗೈ ತೋರಿಸಿ, "ನನ್ನ ಹತ್ತಿರ ಕಾಗೆಯೇ ಇಲ್ಲವಲ್ಲ" ಎಂದಿದ್ದಳು. ಮೊಸಳೆ ಕಣ್ಣೀರು, ಬೆಕ್ಕಿನ ಕೊರಳ ಗಂಟೆ, ಕೋಣನ ಮುಂದಿನ ಕಿನ್ನರಿ, ಇವನ್ನೆಲ್ಲ ಅಕ್ಷರಶಃ ನಡೆದಂತೆ ಕಲ್ಪಿಸಿಕೊಂಡು ಕಥೆ ಕಟ್ಟಲು ಹೇಳಿ. ಕಿನ್ನರಿ ಕೇಳಿ ಕೋಣ ಏನೆಂದಿತು ಎಂಬ ಒಂದು ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದು ವಾರ ಹೋಯಿತು.

ಭಾಷೆಯ ಬಗ್ಗೆ ಅಳುಕಬೇಡಿ. ಕಥೆ ಹೇಳುವವರ ಮಾತು ಬರಹದ ಕನ್ನಡದಲ್ಲಿರಲಿ, ಪ್ರಾಣಿಗಳು ಮಾತಾಡುವಾಗ ಮನೆಯ ಮಾತು ಬರಲಿ. ಎರಡೂ ಕಿವಿಗೆ ಬೀಳುತ್ತವೆ, ಬೇರೆ ಬೇರೆ ಎಂದೂ ತಿಳಿಯುತ್ತದೆ.

ಇಂಡಿ ಊರಿನ ಓದುಗ:

ಎಲ್ಲರೂ ನೀತಿಯನ್ನೇ ಬೈಯುತ್ತಿದ್ದೀರಿ. ಕದ್ದ ಮಂಗ ನಗುತ್ತ ಮರ ಹತ್ತಿ ಹೋಗುವುದನ್ನು ದಿನಾ ಕೇಳಿದ ಮಗು ಕಳ್ಳತನವನ್ನು ಜಾಣತನ ಎಂದುಕೊಂಡರೆ ಹೊಣೆ ಯಾರದು? ನಮ್ಮ ಅಜ್ಜಿಯೂ ನಗಿಸುತ್ತಿದ್ದರು, ಆದರೆ ಕೊನೆಗೆ ಒಂದು ಮಾತು ತಿದ್ದಿ ಹೇಳುತ್ತಿದ್ದರು.

ಬಾಗಲಕೋಟೆಯ ನಿವೃತ್ತ ಶಿಕ್ಷಕ:

ನಿಮ್ಮ ಅಜ್ಜಿ ತಿದ್ದಿ ಹೇಳಿದ ಆ ಮಾತು ಈಗ ನಿಮಗೆ ನೆನಪಿದ್ದರೆ ಇಲ್ಲಿ ಬರೆಯಿರಿ, ನಾನು ಸೋಲೊಪ್ಪುತ್ತೇನೆ. ಅವರು ನಗಿಸಿದ ಕಥೆ ಮಾತ್ರ ನೆನಪಿದ್ದರೂ ಬರೆಯಿರಿ, ನಮಗೆ ಒಂದು ಕಥೆ ಸಿಕ್ಕಂತಾಯಿತು.

ಮುಧೋಳದಿಂದ, ಪಶುವೈದ್ಯ ಸಹಾಯಕ:

ನನಗೆ ಕಥೆಗಿಂತ ದನಕರುಗಳ ಪರಿಚಯ ಹೆಚ್ಚು. ಆದ್ದರಿಂದ ಕತ್ತೆಯ ಪರವಾಗಿ ಎರಡು ಮಾತು ಬರೆಯಲು ಬಂದಿದ್ದೇನೆ. ಹೆದರಿಕೆಯಾದಾಗ ಕುದುರೆ ಹಿಂದೆ ಮುಂದೆ ನೋಡದೆ ಓಡುತ್ತದೆ. ಕತ್ತೆ ಹಾಗಲ್ಲ, ನಿಂತುಬಿಡುತ್ತದೆ. ಮುಂದಿರುವುದು ನೀರೋ ಕೆಸರೋ ಹಾವೋ ಎಂದು ಗೊತ್ತಾಗುವ ತನಕ ನಾಲ್ಕು ಜನ ದೂಡಿದರೂ ಹೆಜ್ಜೆ ಎತ್ತುವುದಿಲ್ಲ. ಅದನ್ನು ಹಿಂದಿನಿಂದ ದೂಡುತ್ತಿರುವ ಮನುಷ್ಯನಿಗೆ ಅದು ದಡ್ಡತನವಾಗಿ, ಹಠವಾಗಿ ಕಾಣುತ್ತದೆ. ನನ್ನ ಅನುಭವದಲ್ಲಿ ಹಲವು ಸಲ ಕತ್ತೆಯದೇ ಸರಿ, ದೂಡುವವನದೇ ತಪ್ಪು. ನಿಮ್ಮ ಮಗನಿಗೆ ಕತ್ತೆಯ ಕಥೆಯನ್ನು ಬಿಡಿಸಬೇಡಿ, ತಿರುಗಿಸಿ ಹೇಳಿ: ಕತ್ತೆ ನಿಂತಿದೆ, ಅಗಸ ಕೂಗಾಡುತ್ತಿದ್ದಾನೆ, ಊರೆಲ್ಲ ಬಂದು ದೂಡುತ್ತಿದೆ, ಕತ್ತೆ ಮಾತ್ರ ವಿಚಾರ ಮಾಡುತ್ತಿದೆ. ಆಗ ನಗು ಬರುತ್ತದೆ, ಆದರೆ ಕತ್ತೆಯ ಮೇಲೆ ಬರುವುದಿಲ್ಲ.

ನಮ್ಮ ಮುಧೋಳ ನಾಯಿಯ ಕಥೆಯೂ ಹಾಗೆಯೇ ಇದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ ಇದು, ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ, ಗಾಳಿಯಂತೆ ಓಡುವ ನಾಯಿ. ಹೊರಗಿನಿಂದ ಬಂದ ಮಕ್ಕಳು ಅದರ ಒಳಹೊಕ್ಕ ಹೊಟ್ಟೆ, ಎಣಿಸಬಹುದಾದ ಪಕ್ಕೆಲುಬು ನೋಡಿ ಮೊದಲು ಕೇಳುವ ಪ್ರಶ್ನೆ, "ಇದಕ್ಕೆ ಊಟ ಹಾಕುವುದಿಲ್ಲವೇ?" ಎಂಬುದು. ಒಬ್ಬ ಹುಡುಗಿ ತನ್ನ ಬಿಸ್ಕತ್ತಿನ ಪೊಟ್ಟಣವನ್ನು ಪೂರ್ತಿ ಅದರ ಮುಂದೆ ಸುರಿದು, ಮನೆಯವರನ್ನು ಸಿಟ್ಟಿನಿಂದ ನೋಡುತ್ತ ನಿಂತಿದ್ದಳು. ನಾಯಿ ಒಂದು ಮೂಸಿ, ಮುಖ ತಿರುಗಿಸಿ ಮಲಗಿತು. ಅದರ ಮುಂಜಾನೆಯ ಊಟ ಆಗಲೇ ಆಗಿತ್ತು.

ಪುಸ್ತಕ ಸಾಲದಿದ್ದರೆ ಊರಿನ ಪ್ರಾಣಿಗಳನ್ನೇ ನೋಡಿ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನಾನು ಕಣ್ಣಾರೆ ಕಂಡದ್ದು ಒಂದು ಹಳ್ಳಿಯ ಪಂಚಾಯಿತಿ ಕಟ್ಟೆಯ ಮುಂದೆ. ಗೋಡೆಗೆ ಹೊಸದಾಗಿ ಅಂಟಿಸಿದ್ದ ನೀರಿನ ಕರದ ನೋಟೀಸುಗಳನ್ನು ಒಂದು ಆಡು ಹಿಂಗಾಲ ಮೇಲೆ ನಿಂತು, ತುಟಿಯಿಂದ ಅಂಚನ್ನು ಬಿಡಿಸಿ, ಮೇಲಿನಿಂದ ಕೆಳಗೆ ಸೊಗಸಾಗಿ ಎಳೆದು ತಿನ್ನುತ್ತಿತ್ತು. ಕಾಗದದ ರುಚಿಗಲ್ಲ, ಅಂಟಿಗೆ ಹಾಕಿದ್ದ ಮೈದಾ ಹಿಟ್ಟಿನ ರುಚಿಗೆ. ಕಟ್ಟೆಯ ಮೇಲೆ ಕುಳಿತ ಹಿರಿಯರು ಯಾರೂ ಓಡಿಸಲಿಲ್ಲ. ಒಬ್ಬರು ಮಾತ್ರ, "ನಮ್ಮ ಹೆಸರಿನ ಹಾಳಿ ಇನ್ನೂ ತಿಂದಿಲ್ಲ, ಸ್ವಲ್ಪ ತಡೀರಿ" ಎಂದರು. ಈ ಕಥೆಯನ್ನು ನಾನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನೀತಿ ಕೇಳಿದವರು ಒಬ್ಬರೂ ಇಲ್ಲ.

ತಿಕೋಟಾ ಕಡೆಯ ತಂದೆ:

ಉತ್ತರ ಬರೆದ ಎಲ್ಲರಿಗೂ ಶರಣು. ತಡವಾಗಿ ಬಂದೆ, ಏಕೆಂದರೆ ನಡುವೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅದರದೇ ಒಂದು ಸುದ್ದಿ ಇದೆ.

ಆಡು ನೋಟೀಸು ತಿಂದ ಕಥೆಯನ್ನು ಹೇಳಿದ ರಾತ್ರಿ ಮಗಳು ನೀತಿ ಕೇಳಲಿಲ್ಲ, ಮರುದಿನ ಅದನ್ನು ತಾನೇ ಬರೆದು ತಂದಳು. ಅವಳ ಕಥೆಯಲ್ಲಿ ಆಡಿಗೆ ಅಕ್ಷರ ಬರುತ್ತದೆ, ಬಾಕಿ ಇಲ್ಲದವರ ಹೆಸರನ್ನು ಮಾತ್ರ ಬಿಟ್ಟು ತಿನ್ನುತ್ತದೆ. ಕತ್ತೆಯ ಕಥೆಯನ್ನು ಮುಧೋಳದವರು ಹೇಳಿದಂತೆ ತಿರುಗಿಸಿ ಹೇಳಿದೆ. ಅಗಸನ ಕೂಗಾಟವನ್ನು ಮಗಳು ವಹಿಸಿಕೊಂಡಳು, ಕತ್ತೆಯ ಪಾತ್ರ ಮಗನದು. ಅವನು ಮಾಡಬೇಕಾದ್ದು ಸುಮ್ಮನೆ ನಿಲ್ಲುವುದಷ್ಟೇ ಆದ್ದರಿಂದ ಬಹಳ ಚೆನ್ನಾಗಿ ಮಾಡಿದ.

ಅಮಾವಾಸ್ಯೆಯ ದಿನ ಕೆರೆಯ ಮಣ್ಣು ತಂದು ಎಲ್ಲರೂ ಜೋಡೆತ್ತು ಮಾಡುತ್ತಿದ್ದರೆ ಮಗ ಒಂದು ಕತ್ತೆ ಮಾಡಿದ. ಕಿವಿಗಳು ಕಾಲಿಗಿಂತ ಉದ್ದವಾಗಿದ್ದವು, ಹಲಗೆಯ ಮೇಲೆ ನಿಲ್ಲಿಸಲು ಹಿಂದೆ ಒಂದು ಕಡ್ಡಿ ಕೊಡಬೇಕಾಯಿತು. ನಮ್ಮ ಅವ್ವ ಎತ್ತುಗಳಿಗೆ ಪೂಜೆ ಮಾಡುವಾಗ ಒಂದು ಗಳಿಗೆ ನೋಡಿ, ಕತ್ತೆಗೂ ಕುಂಕುಮ ಇಟ್ಟರು. ಮರುದಿನ ಹುಡುಗರು ರೂಢಿಯಂತೆ ಕುಂಟೆತ್ತು (ಮಣ್ಣಿನ ಕುಂಟ ಎತ್ತು) ಹಿಡಿದು ಜೋಳ ಬೇಡಲು ಓಣಿಗೆ ಹೊರಟಾಗ ಮಗನೂ ತನ್ನ ಕತ್ತೆಯನ್ನು ಎತ್ತಿಕೊಂಡು, ಮೊದಲು ಅಳಿಸಿದ್ದ ಅದೇ ಚಿಕ್ಕಪ್ಪನ ಮಗನ ಜೊತೆಗೆ ಹೋದ. ಕೊನೆಯ ಮನೆಯ ಅಜ್ಜಿ ಮೊರ ಹಿಡಿದು ಹೊರಗೆ ಬಂದು, "ಎತ್ತ ಬಿಟ್ಟ ಕತ್ತಿ ಯಾಕ ತಂದೀಯೋ, ಅದೂ ಕುಂಟೇನು?" ಎಂದು ಕೇಳಿದರಂತೆ.

"ಇಲ್ಲಬೇ ಆಯಿ, ಕುಂಟಲ್ಲ," ಎಂದನಂತೆ ಮಗ, "ನಿಂತು ವಿಚಾರ ಮಾಡಾಕತ್ತೈತಿ."

ಎತ್ತಿಗೆ ಒಂದು ಬೊಗಸೆ ಜೋಳ ಹಾಕಿದ ಅಜ್ಜಿ ಕತ್ತೆಗೆ ಎರಡು ಹಾಕಿದ್ದಾರೆ.